ಗಡಿಯಲ್ಲಿ ಗೋಡೆಯಿಲ್ಲ

ಅಚ್ಚುಮನೆಯ ಮಹಡಿ
ಮಾರ್ಚ್ ೯, ಊಟದ ಬಿಡುವು

ನನ್ನ ಮುದ್ದು ಪ್ರಶ್ನೆಪತ್ರಿಕೆಗೆ,

ಅಕ್ಕನ ಆಶೀರ್ವಾದಗಳು. ಚಿಕ್ಕಂದಿನಲ್ಲಿ ಪ್ರಶ್ನೆ ಕೇಳಿ ಕೇಳಿ ಅಪ್ಪನಿಂದ ಪಡೆದ ಈ ಹೆಸರು ನಿನಗೆ ಎಂದೂ ತಪ್ಪಿದ್ದಲ್ಲ. ಬೆನ್ನುನೋವು ಹೇಗಿದೆಯೋ? ದಿನವಿಡೀ ಕಂಪ್ಯೂಟರಿನ ಮುಂದೆ ಗೂನು ಹಾಕಿಕೊಂಡು ಕೂತರೆ ನೋಯದೆ ಇನ್ನೇನಾದೀತು? ಎದ್ದು ನಾಲ್ಕು ಹೆಜ್ಜೆ ಓಡಾಡು. ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ. ಅವರ ಸಕ್ಕರೆ ಕಾಯಿಲೆಯೂ ಇದೆ, ಕದ್ದು ಸಿಹಿ ತಿನ್ನುವುದೂ ಇದೆ. ಬೈದರೆ, ಕುರುಡನಿಗೆ ಡಬ್ಬಿ ಯಾವುದೆಂದು ಹೇಗೆ ಗೊತ್ತಾಗಬೇಕು ಅಂತ ನನ್ನನ್ನೇ ಕೇಳುತ್ತಾರೆ.

ಈ ವರ್ಷ ನಮ್ಮ ಅಂಧಮಕ್ಕಳ ಶಾಲೆಯ ಅಚ್ಚುಮನೆಗೆ ಹೊಸ ವಿಜ್ಞಾನದ ಪುಸ್ತಕ ಬಂದಿದೆ. ಅದರಲ್ಲಿ ನೀನು ದಿನವಿಡೀ ಲೆಕ್ಕ ಹಾಕುವ ಆಕಾಶದ ಕಪ್ಪುಕುಳಿ, ಅದೇ ನಿನ್ನ ಬ್ಲ್ಯಾಕ್ ಹೋಲ್, ಇದೆ ಮಾರಾಯಾ! ಕಣ್ಣಿದ್ದವರಿಗೇ ಕಾಣದ್ದನ್ನು ಉಬ್ಬುಚುಕ್ಕೆಗಳಲ್ಲಿ ಬೆರಳಿಗೆ ಕಾಣಿಸುವ ಪಾಡು ನನ್ನದು. ಪುಸ್ತಕದವರು ಗಡಿ ಅಂತ ಒಂದು ವೃತ್ತ ಎಳೆದಿದ್ದರು, ನಾನೂ ಅಲ್ಲಿ ದಪ್ಪನೆಯ ಉಬ್ಬುಗೆರೆ ಹಾಕಿದೆ. ಹಾಳೆ ಒತ್ತಿದ ಮೇಲೆ ನಿನ್ನ ಹಳೆಯ ಕಾಗದ ನೆನಪಾಯಿತು. ಪೆಟ್ಟಿಗೆಯಿಂದ ತೆಗೆದು ಅಪ್ಪನಿಗೂ ಓದಿದೆ. ಗಡಿಯಲ್ಲಿ ಗೋಡೆಯಿಲ್ಲ, ಹಲಗೆಯಿಲ್ಲ, ಕುಳಿ ದೊಡ್ಡದಾಗಿದ್ದರೆ ಬೀಳುವವನಿಗೆ ದಾಟಿದ್ದೇ ತಿಳಿಯುವುದಿಲ್ಲ, ಆಮೇಲೆ ಬೆಳಕೂ ಹಿಂದಿರುಗುವುದಿಲ್ಲ ಅಂತ ನೀನು ಬರೆದಿದ್ದೆ. ಹೊರಗೆ ನಿಂತು ನೋಡುವವರಿಗೆ ಮಾತ್ರ ಅವನು ಗಡಿಯ ಹತ್ತಿರ ನಿಧಾನವಾಗುತ್ತ, ಕೆಂಪಾಗುತ್ತ, ಮಸುಕಾಗುತ್ತ ಹೋಗುತ್ತಾನೆ, ದಾಟಿದ್ದು ಎಂದೂ ಕಾಣುವುದಿಲ್ಲ. ಒಳಗೆ ಹೋದವನಿಗೆ ನಡುಬಿಂದು ಒಂದು ಜಾಗವಲ್ಲ, ನಾಳೆ ಇದ್ದ ಹಾಗೆ, ಎತ್ತ ತಿರುಗಿದರೂ ಬಂದೇ ಬರುತ್ತದೆ. ಅಪ್ಪ ಆ ಸಾಲನ್ನು ಎರಡು ಸಲ ಓದಿಸಿದರು.

ಮೂವತ್ತು ವರ್ಷ ಇದೇ ಶಾಲೆಯಲ್ಲಿ ಗಣಿತ ಹೇಳಿದವರಲ್ಲವೇ, ಸುಮ್ಮನಿರುತ್ತಾರೆಯೇ? ನಡುವೆ ಏನು ಹಾಕುತ್ತೀ ಅಂತ ನನ್ನ ಜೀವ ತಿಂದರು. ಖಾಲಿ ಬಿಡುತ್ತೇನೆ ಅಂದೆ. "ನಮ್ಮ ಮಕ್ಕಳ ಬೆರಳಿಗೆ ಖಾಲಿ ಅಂದ್ರೆ ಏನೂ ಇಲ್ಲ ಅಂತ. ಇಲ್ಲ ಅನ್ನೋದು ಬೇರೆ, ಗೊತ್ತಿಲ್ಲ ಅನ್ನೋದು ಬೇರೆ ಕಣಮ್ಮಾ" ಅಂದರು. ತೂತು ಕೊರೆಯೋಣವೆಂದರೆ ಬೆರಳಿಗೆ ಕೆಳಗಿನ ಮೇಜು ಸಿಗುತ್ತದೆ. ಕೊನೆಗೆ ಮರ ಉಜ್ಜುವ ಒರಟು ಉಪ್ಪುಕಾಗದದ ಚೂರು ಅಂಟಿಸಿ, ಪಕ್ಕದಲ್ಲಿ 'ಇಲ್ಲಿ ನಮ್ಮ ಲೆಕ್ಕ ನಿಲ್ಲುತ್ತದೆ, ಗೊತ್ತಿಲ್ಲ' ಅಂತ ಬ್ರೈಲಿನಲ್ಲಿ ಒತ್ತಿದೆ. ಗಡಿಯ ಗೆರೆ ತೆಗೆದು, ಒಳಕ್ಕೆ ಹೋದಂತೆ ಚುಕ್ಕೆಗಳನ್ನು ದಟ್ಟ ಮಾಡಿದೆ. ಅಪ್ಪನ ಬೆರಳು ಆಡದೆ ಯಾವ ಹಾಳೆಯೂ ಅಚ್ಚಿಗೆ ಹೋಗುವುದಿಲ್ಲವಲ್ಲ, ಸೋಮವಾರ ಅದನ್ನು ಅವರ ಮುಂದಿಟ್ಟೆ. ನಿಧಾನವಾಗಿ ಸವರಿ, "ಭೇಷ್! ಎಲ್ಲೂ ತಡೆಯಿಲ್ಲ, ದಾಟಿದ್ದೇ ಗೊತ್ತಾಗಲಿಲ್ಲ" ಅಂದರು.

ಮೂರು ವರ್ಷದ ಹಿಂದೆ ಇದೇ ಕುಳಿಯ ಬಗ್ಗೆ ಅವರು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದಾಗ, ಕಣ್ಣಿಲ್ಲದವರಿಗೆ ಇದು ಅರ್ಥವಾಗಲ್ಲ ಬಿಡಿ ಅಂದುಬಿಟ್ಟೆ ನೀನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಬ್ಯಾಗು ಹಿಡಿದು ಹೋದವನು ಹಬ್ಬಕ್ಕೂ ಹರಿದಿನಕ್ಕೂ ಬರಲಿಲ್ಲ. ನನಗೆ ನಿನ್ನ ಮೇಲೆ ತುಂಬ ಸಿಟ್ಟಿತ್ತು ಕಣೋ. ಕಳೆದ ತಿಂಗಳು ನೀನೇ ಕೂತು ಒಂದೊಂದು ಚುಕ್ಕೆಯನ್ನೂ ಚುಚ್ಚಿ ಅಪ್ಪನಿಗೆ ಕಾಗದ ಕಳಿಸಿದೆ ನೋಡು, ಅಂದು ಸಿಟ್ಟೆಲ್ಲ ಇಳಿಯಿತು. ಅವರು ಅದರ ಮೇಲೆ ಬಹಳ ಹೊತ್ತು ಬೆರಳಾಡಿಸಿ, ಮಡಚಿ, ದಿಂಬಿನ ಕೆಳಗೆ ಇಟ್ಟುಕೊಂಡರು. ಉತ್ತರ ಯಾಕಿಲ್ಲ, ಇನ್ನೂ ಕೋಪವೇ ಅಂತ ನನ್ನನ್ನು ಕೇಳಿದ್ದೀಯ. ಕೋಪವಿಲ್ಲ.

ಬಿಡುವು ಮುಗಿಯುತ್ತಿದೆ, ಯಂತ್ರ ಶುರುವಾದರೆ ಮೇಜು ಅಲುಗಾಡಿ ಅಕ್ಷರ ಕೆಡುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಸೋಮವಾರ ಅಪ್ಪನ ಮುಂದೆ ನಾನಿಟ್ಟದ್ದು ಹಳೆಯ ಹಾಳೆ, ಗೋಡೆಯಿದ್ದದ್ದು. ಕೈತಪ್ಪಿ ಆಯಿತು. ಅವರ ಬೆರಳು ಆ ದಪ್ಪ ಗೆರೆಯನ್ನು ದಾಟಿಹೋಯಿತು, ಅವರಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆಗೆ ಬೆರಳ ತುದಿ ಜೋಮು ಹಿಡಿದು ತಿಂಗಳುಗಳೇ ಆಗಿವೆಯಂತೆ, ಆಮೇಲೆ ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಹೇಳಿದರು. ನಿನ್ನ ಕಾಗದವನ್ನು ಅಪ್ಪ ಓದಿಲ್ಲ. ನನ್ನ ಕೈಲಿ ಓದಿಸಿದರೆ ಬೆರಳು ಹೋದದ್ದು ನನಗೆ ಗೊತ್ತಾಗುತ್ತದಲ್ಲ, ಅದಕ್ಕೇ ಕೇಳಲಿಲ್ಲ. ಹಾಸಿಗೆ ಝಾಡಿಸುವಾಗ ಮೊದಲ ಸಾಲು ನನ್ನ ಕಣ್ಣಿಗೆ ಬಿತ್ತು, 'ಅಪ್ಪಾ, ಕ್ಷಮಿಸಿ' ಅಂತ. ಮುಂದೆ ಓದಲಿಲ್ಲ, ಓದಿ ಹೇಳುವುದೂ ಇಲ್ಲ. ನೀನೇ ಬಂದು ಹೇಳು. ಅವರ ಕಿವಿ ಇನ್ನೂ ಚುರುಕಾಗಿದೆ. ಮೆಟ್ಟಿಲಲ್ಲಿ ಯಾರ ಹೆಜ್ಜೆ ಕೇಳಿದರೂ ಈಗಲೂ ತಲೆಯೆತ್ತಿ, "ಪ್ರಶ್ನೆಪತ್ರಿಕೆ ಬಂದನೇನೇ?" ಅನ್ನುತ್ತಾರೆ.