ಗೋಡೆ ಬಿಟ್ಟು ಮಿಕ್ಕಿದ್ದೆಲ್ಲ

೧೨ ಜುಲೈ ೨೦೨೪, ಶುಕ್ರವಾರ

ನೀರು ಬೇಗ ಬಂತು. ಸಂಪ್ ತುಂಬಿಸಿದೆ. ಡಿಕಾಕ್ಷನ್ ಇಳಿಸಿ, ಎರಡು ಚಪಾತಿ ಡಬ್ಬಿಗೆ ಹಾಕ್ಕೊಂಡು ಹೊರಟೆ. ಅತ್ತಿಗೆ ಹೋದ ಮೇಲೆ ಇವತ್ತೇ ಮೊದಲ ಡ್ಯೂಟಿ. ಆಷಾಢ ಶುಕ್ರವಾರ, ಬಸ್ಸೆಲ್ಲ ಚಾಮುಂಡಿ ಬೆಟ್ಟದ ಕಡೆಗೆ. ಸ್ಟೋರ್ಸ್‌ಗೆ ನಡೆದೇ ಹೋದೆ. ಬಿಲ್ ಕೌಂಟರಲ್ಲಿ ಕೂತರೆ ಕೈ ತಾನಾಗೇ ಓಡುತ್ತೆ. ಅಳು ಬರೋಕೆ ಪುರುಸೊತ್ತಿಲ್ಲ. ಒಳ್ಳೇದೇ ಆಯ್ತು.

ಸಂಜೆ ಎದುರು ಮನೆ ಏಕಾಂತಯ್ಯನವರು ಬಂದರು. ರಿಟೈರ್ಡ್ ಲಾಯರು. ಅತ್ತಿಗೆ ವಿಲ್ ಬರೆದು ರಿಜಿಸ್ಟರ್ ಮಾಡಿಸಿದ್ದಾರಂತೆ! ನನಗೆ ಒಂದು ಮಾತೂ ಹೇಳಿರಲಿಲ್ಲ. ಭಾನುವಾರ ಮಕ್ಕಳ ಎದುರು ಓದ್ತಾರಂತೆ.

"ನೀವೂ ಇರಬೇಕು ಚೂಡಾಮಣಿಯವರೇ."

"ಎಲ್ಲರಿಗೂ ಕಾಫಿ ಕೊಡೋಳು ನಾನೇ ಅಲ್ವಾ, ಇದ್ದೇ ಇರ್ತೀನಿ" ಅಂದೆ.

"ಕಾಫಿಗಲ್ಲ" ಅಂದರು.

೧೪ ಜುಲೈ, ಭಾನುವಾರ, ಸಂಜೆ

ಎಲ್ಲರೂ ಹೋದರು. ಲೋಟ ಇನ್ನೂ ತೊಳೆದಿಲ್ಲ. ಮೊದಲು ಬರೀತೀನಿ.

ಅತ್ತಿಗೆ ಮಗ ಸುಂದರೇಶ, ಸೊಸೆ ಸೌಮ್ಯ ವಿಜಯನಗರದಿಂದ ಬಂದರು. ಮಗಳು ತೇಜಸ್ವಿನಿ ಹಾಸನದಿಂದ. ಏಕಾಂತಯ್ಯನವರು ಕನ್ನಡಕ ಏರಿಸಿ ಓದಿದರು. ಚಾಮುಂಡಿಪುರಂನ ಈ ಮನೆ ಮಗನಿಗೂ ಮಗಳಿಗೂ ಸಮಪಾಲು. ಇಬ್ಬರೂ ತಲೆ ಆಡಿಸಿದರು, ಗೊತ್ತಿದ್ದದ್ದೇ. ಆಮೇಲೆ — "ಮನೆಯೊಳಗಿರುವ ಸಮಸ್ತ ಸಾಮಾನು ಸರಂಜಾಮು ನನ್ನ ನಾದಿನಿ ಚೂಡಾಮಣಿಗೆ ಸೇರತಕ್ಕದ್ದು."

ಸೌಮ್ಯ ನಕ್ಕಳು. "ಎಲ್ಲಾ ಅಂದ್ರೆ... ಎಲ್ಲಾನಾ?"

"ಬೆಳ್ಳಿ, ಹಿತ್ತಾಳೆ, ಬೀಟೆ ಮಂಚ, ವೀಣೆ, ಫ್ರಿಜ್ಜು. ಗೋಡೆ ಬಿಟ್ಟು ಮಿಕ್ಕಿದ್ದೆಲ್ಲ ಕಣಮ್ಮ" ಅಂದರು ಏಕಾಂತಯ್ಯ.

ನಾನು ಟ್ರೇ ಹಿಡ್ಕೊಂಡು ನಿಂತಿದ್ದೆ. ಅದನ್ನ ಎಲ್ಲಿಡಬೇಕು ಅಂತಾನೇ ಹೊಳೀಲಿಲ್ಲ.

ಸುಂದರೇಶ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ. "ಚೂಡತ್ತೆ, ನೀವೇನೂ ಯೋಚನೆ ಮಾಡ್ಬೇಡಿ. ನಮ್ಮನೇಗೇ ಬಂದ್ಬಿಡಿ. ಸೌಮ್ಯಂಗೂ ಒಂದು ಕೈ ಆಸರೆ ಆಗುತ್ತೆ. ಸಾಮಾನು ನಾನೂ ತೇಜುನೂ ಹಂಚ್ಕೋತೀವಿ. ಒಬ್ಬರಿಗೆ ಇಷ್ಟೆಲ್ಲ ಯಾಕೆ?"

ತಲೆ ಆಡಿಸಿದೆ. ಅಭ್ಯಾಸ.

೧೬ ಜುಲೈ, ಮಂಗಳವಾರ

ಇವತ್ತು ಕೌಂಟರಲ್ಲಿ ಹೊಸದಾಗಿ ಮದುವೆಯಾದವಳು ಒಬ್ಬಳು. ಜರಡಿ, ಲಟ್ಟಣಿಗೆ, ಸಾರಿನ ಸೌಟು, ಹಿಟ್ಟಿನ ಡಬ್ಬ... ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡ್ತಿದ್ದಳು. ನಂಜನಗೂಡಿನ ಆ ಮನೆ ನೆನಪಾಯ್ತು.

ಅಪ್ಪ ಮದುವೇಲಿ ಕೊಟ್ಟ ಪಾತ್ರೆ, ಬೀರು, ಹಾಸಿಗೆ ಎಲ್ಲ ಅಲ್ಲೇ ಉಳೀತು. ವರ್ಷ ತುಂಬೋದ್ರೊಳಗೆ ಎದ್ದು ಬಂದೆ, ಒಂದು ಏರ್‌ಬ್ಯಾಗ್ ಹಿಡ್ಕೊಂಡು. ಗಂಡನ ಏಟು ತಿಂದು ಇರೋಕಾಗಲಿಲ್ಲ. "ಹೋಗಿ ಅವಳ ಸಾಮಾನು ತಗೊಂಡು ಬನ್ನಿ" ಅಂದದ್ದು ಅತ್ತಿಗೆ ಒಬ್ಬರೇ. ಅಣ್ಣ ಅತ್ತಿಗೆಗೆ "ಹೋಗ್ಲಿ ಬಿಡು ಚಂದ್ರಾ, ಬೀದಿ ರಂಪ ಯಾಕೆ" ಅಂದ. ಅಲ್ಲಿಗೆ ಮುಗೀತು.

ಆವತ್ತಿಂದ ನನ್ನ ಜಾಗ ಈ ಮನೆ ನಡುಮನೆಯ ಫೋಲ್ಡಿಂಗ್ ಮಂಚ. ಯಾರೂ ಕೆಟ್ಟದ್ದು ಮಾಡಲಿಲ್ಲ. ಅಣ್ಣ ಹೋದಾಗ ಅತ್ತಿಗೆ ಕೈ ಹಿಡಿದು "ನೀನಿದ್ದೀಯಲ್ಲ, ಸಾಕು" ಅಂದಿದ್ದರು. ಸಂಬಳ ಬರ್ತಿದ್ದರೂ ಬೇರೆ ಮನೆ ಮಾಡೋ ಯೋಚನೆ ಬರಲೇ ಇಲ್ಲ. ಹೋಗಿ ಏನು ಮಾಡೋದು? ಕಾಫಿ ಕುಡಿಯೋ ಲೋಟವೂ ಇನ್ನೊಬ್ಬರದು.

ಹೋದ ಮಾಘದಲ್ಲಿ ಜ್ವರ ಬಂದು ಮಲಗಿದ್ದ ಅತ್ತಿಗೆ ಇದ್ದಕ್ಕಿದ್ದ ಹಾಗೆ ಅಂದರು: "ನಿನ್ನ ಪಾತ್ರೆ ನಾವು ತರಿಸಲೇ ಇಲ್ಲ ಕಣೇ ಮಣಿ."

ಯಾವ ಪಾತ್ರೆ ಅತ್ತಿಗೆ, ಅಂದೆ. ನನಗೇ ಮರೆತುಹೋಗಿತ್ತು. ಅವರಿಗೆ ಮರೆತಿರಲಿಲ್ಲ.

೨೧ ಜುಲೈ, ಭಾನುವಾರ

ಬೆಳಗಿಂದ ಮನೆ ತುಂಬ ಜನ. ಸೌಮ್ಯ ಸ್ಟಿಕ್ಕರ್ ತಂದಿದ್ದಳು, ಆಫೀಸ್ ಫೈಲಿಗೆ ಅಂಟಿಸ್ತಾರಲ್ಲ, ಗುಂಡನೇದು. ಕೆಂಪು ಅವರದು, ಹಸಿರು ತೇಜುದು. "ಆಷಾಢ ಮುಗಿಯೋವರೆಗೆ ಸಾಗಿಸೋದು ಬೇಡ. ಗುರುತು ಮಾತ್ರ ಹಾಕಿಡೋಣ, ಆಮೇಲೆ ಗಲಾಟೆ ಇರಲ್ಲ."

ಗಲಾಟೆ ಆಗಲೇ ಶುರು. ವೀಣೆಗೆ ಇಬ್ಬರದೂ ಸ್ಟಿಕ್ಕರ್.

ತೇಜು: "ಅಮ್ಮ ನನಗೆ ಕಲಿಸಿದ್ದು ಅದರಲ್ಲೇ."

ಸುಂದರೇಶ: "ಕಲಿಸಿದ್ದು ಸರಿ. ನೀನು ಕಲಿತ್ಯಾ? ಮದುವೆ ಆದಮೇಲೆ ಒಂದಿನ ಮುಟ್ಟಿದ್ದೀಯಾ?"

"ನಿನ್ನ ಹಾಲಲ್ಲಿ ಶೋಗೆ ಇಡೋಕೆ ಬೇಕು ಅಂತ ಹೇಳು!"

ಸೌಮ್ಯ ನಡುವೆ ಬಾಯಿ ಹಾಕಿದಳು. ತೇಜು ಅತ್ತಳು. ಬೆಳ್ಳಿ ಪಂಚಪಾತ್ರೆ ಒಬ್ಬರಿಗೆ, ಉದ್ಧರಣೆ ಇನ್ನೊಬ್ಬರಿಗೆ ಹೋಯ್ತು. ಜೋಡಿ ಮುರಿದರು, ಪುಣ್ಯಾತ್ಮರು. ನಾನು ಒಳಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಯಾರೂ ಅಡುಗೆಮನೆಗೆ ಬಂದು "ಅತ್ತೆ, ನೀವೇನಂತೀರಿ" ಅನ್ನಲಿಲ್ಲ. ಗ್ರೈಂಡರಿಗೆ ಅಂಟಿಸೋಕೆ ಬಂದ ಸೌಮ್ಯ "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ" ಅಂದಳು. ನಿಂತೆ.

೨೨ ಜುಲೈ, ಸೋಮವಾರ, ಬೆಳಗ್ಗೆ

ಹಾಸಿಗೆ ಮಡಚುವಾಗ ಕಣ್ಣಿಗೆ ಬಿತ್ತು. ನಾನು ಮಲಗೋ ಮಂಚದ ಕಾಲಿಗೆ ಕೆಂಪು ಸ್ಟಿಕ್ಕರ್. ತಲೆದೆಸೆಯ ಅಲಾರಂ ಗಡಿಯಾರಕ್ಕೆ ಹಸಿರು. ಅದು ನಾನು ಸ್ಟೋರ್ಸಲ್ಲಿ ತಗೊಂಡದ್ದು!

ಸುಮ್ಮನೆ ನೋಡ್ತಾ ಕೂತೆ. ಇನ್ನು ನನಗೊಂದು ಅಂಟಿಸಿದ್ದರೆ ಮುಗೀತಿತ್ತು. ಕೆಂಪು, ಸುಂದರೇಶನ ಮನೇಗೆ, ಒಂದು ಕೈ ಆಸರೆಗೆ.

ಎದ್ದೆ. ಗಡಿಯಾರದ್ದು ಕಿತ್ತೆ. ಮಂಚದ್ದು ಕಿತ್ತೆ. ಆಮೇಲೆ ನಿಲ್ಲೋಕಾಗಲಿಲ್ಲ. ಫ್ರಿಜ್ಜು, ಬೀರು, ಒಗ್ಗರಣೆ ಡಬ್ಬಿ, ದೇವರ ಮಂಟಪ. ಬೀಟೆ ಮಂಚದ್ದು ಬರಲಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಎಲ್ಲ ಉಂಡೆ ಮಾಡಿ ಕಸದ ಬುಟ್ಟಿಗೆ.

ಬಸ್ ತಪ್ಪಿತು. ತಪ್ಪಲಿ. ಎಷ್ಟು ವರ್ಷದ ಮೇಲೋ ಶಿಳ್ಳೆ ಹಾಕಿದೆ — ಬರುತ್ತೆ ಇನ್ನೂ.

೨೪ ಜುಲೈ, ಬುಧವಾರ

ಸುಂದರೇಶನ ಫೋನ್. ಸೌಮ್ಯ ನಿನ್ನೆ ನಾನು ಡ್ಯೂಟೀಲಿದ್ದಾಗ ಬಂದು ನೋಡಿದ್ದಾಳೆ, ಸ್ಟಿಕ್ಕರ್ ಇಲ್ಲ.

"ಏನತ್ತೆ ಇದು? ಅಮ್ಮಂಗೆ ಕೊನೇಲಿ ಬುದ್ಧಿ ಸ್ಥಿಮಿತ ಇರಲಿಲ್ಲ. ಜೊತೇಲಿದ್ದೋರು ನೀವೇ. ವಿಲ್ ಹೇಗೆ ಬರೆಸಿದ್ರೋ ಯಾರಿಗೆ ಗೊತ್ತು? ನಾವು ಕೋರ್ಟಿಗೆ ಹೋದ್ರೆ ಚೆನ್ನಾಗಿರುತ್ತಾ?"

ಫೋನ್ ಇಟ್ಟೆ. ಇವನನ್ನ ಸೊಂಟದ ಮೇಲೆ ಕೂರಿಸಿಕೊಂಡು ದಸರಾ ಪರೇಡ್ ತೋರಿಸಿದೋಳು ನಾನು.

ಊಟ ಸೇರಲಿಲ್ಲ. ಕೊಟ್ಟುಬಿಡೋಣ ಅನ್ನಿಸ್ತಿದೆ. ಎಲ್ಲ ಕೊಟ್ಟು...

೧ ಆಗಸ್ಟ್, ಗುರುವಾರ

ಬರೆಯೋಕೆ ಮನಸ್ಸೇ ಇರಲಿಲ್ಲ ಇಷ್ಟು ದಿನ. ಇವತ್ತು ಬರೀಲೇಬೇಕು.

ಮೊನ್ನೆ ಏಕಾಂತಯ್ಯನವರ ಮುಂದೆ ಕೂತು ಹೇಳಿದೆ, ನನಗೇನೂ ಬೇಡ, ಬರೆದುಕೊಟ್ಟುಬಿಡ್ತೀನಿ ಅಂತ. ಅವರು ಬೈದರು. ನಿಜವಾಗ್ಲೂ ಬೈದರು! "ಕೋರ್ಟಿಗೆ ಹೋಗ್ಲಿ. ಡಾಕ್ಟ್ರು ಸರ್ಟಿಫಿಕೇಟು ಲಗತ್ತಿಸಿಯೇ ರಿಜಿಸ್ಟರ್ ಮಾಡಿಸಿದ್ದೀನಿ. ನಿಮ್ಮತ್ತಿಗೆ ಆವತ್ತು ಏನಂದರು ಗೊತ್ತಾ? 'ಅವಳಿಗೆ ಮನೆ ಕೊಟ್ರೆ ಮಕ್ಕಳು ಕೇಸ್ ಹಾಕ್ತಾರೆ ಲಾಯರೇ. ಗೋಡೆ ಬಾಡಿಗೆಗೂ ಸಿಗುತ್ತೆ. ಸಂಸಾರ ಬಾಡಿಗೆಗೆ ಸಿಗಲ್ಲ.'"

ದಾರಿ ದಾಟಿ ಮನೆಗೆ ಬರೋವಾಗ ತಲೆಗೆ ಹೋಯ್ತು. ಅತ್ತಿಗೆ ನನಗೆ ಹಳೇ ಪಾತ್ರೆ ಕೊಟ್ಟಿದ್ದಲ್ಲ. ಹೊರಡೋಕೆ ದಾರಿ ಕೊಟ್ಟಿದ್ದು.

ಇವತ್ತು ರಜಾ ಹಾಕಿದೆ. ಬನ್ನಿಮಂಟಪದ ಪರೇಡ್ ಗ್ರೌಂಡ್ ಹಿಂದಿನ ರಸ್ತೇಲಿ ಮಹಡಿ ಮೇಲೊಂದು ಮನೆ. ಎರಡು ರೂಮು, ಅಡುಗೆಮನೆಗೆ ಪೂರ್ವದ ಕಿಟಕಿ. ಓನರ್ ಮಂಗಳಮ್ಮ ಮೇಲಿಂದ ಕೆಳಗೆ ನೋಡಿದರು.

"ಒಬ್ರೇನಾ? ಒಂದು ಚಾಪೆ, ಒಂದು ಸ್ಟವ್ ಇಟ್ಕಂಡು ಬರೋರಾದ್ರೆ ಬ್ಯಾಡ ಕಣಮ್ಮ. ಅಂತೋರು ನಾಕು ದಿನಕ್ಕೆ ಓಗ್ಬುಡ್ತಾರೆ. ಸಾಮಾನು ಏನದೆ?"

ಬೀಟೆ ಮಂಚ ಇದೆ ಅಂದೆ. ಅಣ್ಣ-ಅತ್ತಿಗೆಯ ಹಳೇದು, ನಾಲ್ಕು ಜನ ಎತ್ತಬೇಕು. ಎರಡು ಬೀರು. ಫ್ರಿಜ್ಜು. ಗ್ರೈಂಡರ್. ಹಿತ್ತಾಳೆ ಹಂಡೆ, ಕೊಳದಪ್ಪಲೆ, ಮೂವತ್ತು ಜನಕ್ಕೆ ಆಗೋ ಅಷ್ಟು ತಟ್ಟೆ ಲೋಟ... ಹೇಳ್ತಾ ಹೇಳ್ತಾ ದನಿ ಏರಿಬಿಡ್ತು.

ಮಂಗಳಮ್ಮ ಗಾಬರಿ. "ಇಡಿಸ್ತದಾ ಎಲ್ಲಾ?"

ಹಿಡಿಸ್ತೀನಿ ಅಂದೆ. ಅಡ್ವಾನ್ಸ್ ಕೊಟ್ಟುಬಂದೆ.

೧೧ ಆಗಸ್ಟ್, ಭಾನುವಾರ, ಸಂಜೆ ೭

ಮೈಯೆಲ್ಲ ನೋವು. ಕೈ ಕಪ್ಪು. ಎಲ್ಲಾ ಕ್ರಮವಾಗಿ ಬರೀಬೇಕು, ಆಗ್ತಿಲ್ಲ.

ಶ್ರಾವಣ ಬಂತು, ಹೇಳದೆ ಕೇಳದೆ ಬೆಳಗ್ಗೆ ಟೆಂಪೊ ತಂದು ನಿಲ್ಲಿಸಿದ ಸುಂದರೇಶ. ಜೊತೆಗೆ ಸೌಮ್ಯ. ಹಿಂದೇನೇ ತೇಜು ಹಾಸನದಿಂದ ಓಡಿಬಂದಳು, ಅವಳಿಗೂ ಅವನು ಹೇಳಿರಲಿಲ್ಲವಂತೆ, ನಿನ್ನೆ ರಾತ್ರಿ ಯಾರೋ ಸುಳಿವು ಕೊಟ್ಟರಂತೆ. ಅಂಗಳದಲ್ಲೇ ಶುರುವಾಯ್ತು.

"ಎಲ್ಲಾ ಹೊಡ್ಕೊಂಡು ಹೋಗೋಣ ಅಂತಿದ್ಯಾ?"

"ನಿನ್ನ ಮದುವೇಲಿ ಕೊಟ್ಟಿದ್ದು ಸಾಲದಾ ನಿಂಗೆ?"

ಟೆಂಪೊ ಡ್ರೈವರ್ ಚೆಲುವಯ್ಯ ಬೀಡಿ ಆರಿಸಿ ನಿಂತಿದ್ದ, ಹಗ್ಗ ಹೆಗಲ ಮೇಲೆ. ಜೊತೆಗೆ ಮೂರು ಜನ ಹಮಾಲಿಗಳು. ಅವನಿಗೂ ಬೇಜಾರಾಗಿರಬೇಕು. "ಸಾಮಾನು ಯಾರ್ದು ಅಂತ ಮೊದ್ಲು ಏಳ್ಬುಡಿ ಸಾಮಿ. ಯಾರ್ನ ಕೇಳಿ ಎತ್ಲಿ?"

ಆಗ ನನ್ನ ದನಿ ಬಂತು. ಎಲ್ಲಿಂದ ಬಂತೋ.

"ನಂದು ಕಣಪ್ಪ. ನನ್ನ ಕೇಳು."

ಮೂವರೂ ತಿರುಗಿದರು. ಸುಂದರೇಶ "ಅತ್ತೆ, ನೀವು ಒಳಗೆ ಹೋಗಿ" ಅಂದ.

"ಹೋಗಲ್ಲ ಕಣೋ. ನಿಮ್ಮಮ್ಮ ಬುದ್ಧಿ ಸ್ಥಿಮಿತದಲ್ಲೇ ಬರೆದರು. ನೀನು ಕೋರ್ಟಿಗೆ ಹೋಗು, ನಾನೂ ಬರ್ತೀನಿ, ಹೆದರಿಕೆ ಇಲ್ಲ. ಆದರೆ ಒಂದು ಮಾತು. ಇಷ್ಟು ದಿನ ಹಂಚಿದ್ರಿ, ಅಂಟಿಸಿದ್ರಿ, ಟೆಂಪೊನೂ ತಂದ್ರಿ. ಯಾರಾದ್ರೂ ನನ್ನ ಕೇಳಿದ್ರಾ? ಕೇಳಿ. ಕೊಡ್ತೀನೋ ಇಲ್ವೋ ಆಮೇಲಿನ ಮಾತು. ಮೊದಲು ಕೇಳಿ."

ಏಕಾಂತಯ್ಯನವರು ಎದುರು ಗೇಟಿಗೆ ಒರಗಿ ನಿಂತಿದ್ದರು. ಈ ಸಲ ಅವರ ಸಹಾಯ ಬೇಕಾಗಲಿಲ್ಲ.

ಆಮೇಲೆ ತೇಜು ಹತ್ತಿರ ಬಂದಳು. ಮೂಗು ಕೆಂಪಾಗಿತ್ತು. "ಅತ್ತೆ... ಅಮ್ಮನ ವೀಣೆ ನನಗೆ ಕೊಡ್ತೀರಾ?"

"ತಗೋ ಮಗು. ನಿಂದೇ ಅದು." ನಾನೇ ಒಳಗೆ ಹೋಗಿ ತಂದು ಅವಳ ಕೈಗೆ ಕೊಟ್ಟೆ. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಕೊಡೋದು ಅಂದರೆ ಇಷ್ಟು ಸುಖಾನಾ? ಇಷ್ಟು ವರ್ಷ ಕೊಡೋಕೆ ನನ್ನ ಹತ್ರ ಏನಿತ್ತು!

ಸೌಮ್ಯಂಗೆ ಧೈರ್ಯ ಬಂತು. "ಹಂಗಾದ್ರೆ ನನಗೆ ಗ್ರೈಂಡರ್..."

"ಕೊಡಲ್ಲ ಕಣಮ್ಮ. ನನಗೆ ಇಡ್ಲಿ ಇಷ್ಟ. ಬೆಳ್ಳಿ ಪಂಚಪಾತ್ರೆ ಉದ್ಧರಣೆ ಬೇಕಾ ಕೇಳು, ಕೊಡ್ತೀನಿ. ಜೋಡಿ ಮುರೀದೆ ಇಟ್ಕೋ."

ಅವಳು ಕೊನೆಗೆ "ಕೊಡಿ ಅತ್ತೆ" ಅಂದಳು. ಮೆಲ್ಲಗೆ. ಕೊಟ್ಟೆ.

ಸುಂದರೇಶ ಕೇಳಲಿಲ್ಲ. ಗೋಡೆ ನೋಡ್ತಾ ನಿಂತ. ಅವನ ಮನಸ್ಸು ಬೀಟೆ ಮಂಚದ ಮೇಲೆ ಅಂತ ನನಗೆ ಗೊತ್ತು. ಕೇಳದೆ ಕೊಡೋ ಚೂಡತ್ತೆ ಇವತ್ತು ಮನೇಲಿಲ್ಲ.

"ಚೆಲುವಯ್ಯ, ಮೊದಲು ಆ ಮಂಚ ಎತ್ತಿ" ಅಂದೆ.

"ಎಲ್ಲಿಗ್ ಓಗ್ಬೇಕವ್ವ? ವಿಜಯನಗರಕ್ಕಾ?"

"ಬನ್ನಿಮಂಟಪಕ್ಕೆ. ಬಾಡಿಗೆ ನಾನು ಕೊಡ್ತೀನಿ."

ಆಗ ಅವರ ಮುಖ ನೋಡಬೇಕಿತ್ತು! ಮನೆ ಮಾಡಿದ್ದೀನಿ ಅಂತ ಆಗಲೇ ಹೇಳಿದ್ದು. "ನೀವೊಬ್ಬರೇನಾ?" ಅಂದಳು ಸೌಮ್ಯ. ಒಬ್ಬಳೇ ಅಂದೆ. ಟೆಂಪೊ ಮುಂದಿನ ಸೀಟಲ್ಲಿ ಚೆಲುವಯ್ಯನ ಪಕ್ಕ ಕೂತೆ, ತೊಡೆ ಮೇಲೆ ದೇವರ ಪೆಟ್ಟಿಗೆ. ಹಿಂದೆ ಹಂಡೆ ಕೊಳದಪ್ಪಲೆ ಗಡಗಡ. ಸರ್ಕಲ್ಲಲ್ಲಿ ಸಿಗ್ನಲ್ ಬಿತ್ತು, ಪಕ್ಕದ ಆಟೋದವನು ನೋಡಿ ನಕ್ಕ. ನಾನೂ ನಕ್ಕೆ. ಮೂರು ಟ್ರಿಪ್ ಆಯ್ತು. ತೇಜು ಸೆರಗು ಸಿಕ್ಕಿಸಿ ಕೊನೇವರೆಗೂ ಎತ್ತಿಸಿಕೊಟ್ಟಳು.

೧೨ ಆಗಸ್ಟ್, ಸೋಮವಾರ, ಬೆಳಗ್ಗೆ

ಬೀಟೆ ಮಂಚದ ಮೇಲೆ ಅಡ್ಡಡ್ಡ ಮಲಗಿದ್ದೆ. ಮಂಚ ರೂಮಿನ ಬಾಗಿಲಲ್ಲಿ ಹಿಡೀಲಿಲ್ಲ, ಹಾಲ್ ಮಧ್ಯೆಯೇ ಇದೆ. ಇರಲಿ. ನನ್ನ ಹಾಲು.

ಬಾಗಿಲ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿದೆ. ಹುಚ್ಚು. ನಡುಮನೇಲಿ ಮಲಗೋರಿಗೆ ಚಿಲಕ ಎಲ್ಲಿರುತ್ತೆ?

ಅತ್ತಿಗೇ, ನನ್ನ ಪಾತ್ರೆ ಬಂತು.

೧೮ ಆಗಸ್ಟ್, ಭಾನುವಾರ, ಬೆಳಗ್ಗೆ

ಇಡ್ಲಿ ಹಿಟ್ಟು ಉಕ್ಕಿ ಪಾತ್ರೆ ಆಚೆ ಬಂದಿದೆ. ಒಬ್ಬಳಿಗೆ ರುಬ್ಬೋದು ಗೊತ್ತಾಗ್ತಿಲ್ಲ ಇನ್ನೂ. ಮಂಗಳಮ್ಮನವರಿಗೆ ಕೊಟ್ಟೆ, ಮೆಟ್ಟಿಲ ಕೆಳಗಿನ ಟೈಲರ್ ಮನೇಗೂ ಕೊಟ್ಟೆ. ಚಟ್ನಿಗೆ ಹುಣಸೆ ಕಮ್ಮಿ ಅಂದರು ಮಂಗಳಮ್ಮ. ನನಗೆ ಹಾಗೇ ಇಷ್ಟ ಅಂದೆ. ಹಾಗನ್ನೋಕೆ ಎಷ್ಟು ಚೆನ್ನಾಗಿದೆ.

ತೇಜು ಫೋನ್ ಮಾಡಿದ್ದಳು. ವೀಣೆಗೆ ಹೊಸ ತಂತಿ ಹಾಕಿಸಿದಳಂತೆ. "ಸರಿಗಮ ಕೂಡ ಬರ್ತಿಲ್ಲ ಅತ್ತೆ" ಅಂತ ನಗು. ಸುಂದರೇಶ ಕೋರ್ಟು ಗೀರ್ಟು ಮಾತು ಬಿಟ್ಟಿದ್ದಾನೆ, ಒಂದ್ಸಲ ನಿಮ್ಮ ಕಡೆ ಬರ್ತಾನೇನೋ ಅಂದಳು. ಬರಲಿ. ಮಂಚ ಕೇಳಿದರೆ ಕೊಡಲ್ಲ, ಅದರ ಮೇಲೆ ಕೂರಿಸಿ ಕಾಫಿ ಕೊಡ್ತೀನಿ.

ಕೆಳಗೆ ಗೇಟಿನ ಸದ್ದು. ಮಂಗಳಮ್ಮನವರ ಹತ್ರ ಯಾರೋ ಮಾತಾಡ್ತಿದ್ದಾರೆ. ಸುಂದರೇಶನ ದನಿಯೇ — "ಚೂಡಾಮಣಿಯವರ ಮನೆ ಇದೇನಾ?"

ಚೂಡಾಮಣಿಯವರ ಮನೆ!

ಮಂಗಳಮ್ಮಂಗೆ ಕಿವಿ ಮಂದ. ಅವನು ಇನ್ನೊಂದ್ಸಲ ಹೇಳಬೇಕಾಗುತ್ತೆ. ಹೇಳಲಿ. ಕೇಳಿಸಿಕೊಂಡು ಆಮೇಲೆ ಏಳ್ತೀನಿ, ಅಲ್ಲಿವರೆಗೂ ಹೀಗೇ ಪೆನ್ನು ಹಿಡ್ಕೊಂಡು ಕೂತಿರ್ತೀನಿ.