ಗಡಿಯಾಚೆಯ ಕೊನೆಯ ಪಂದ್ಯ

ಆಲ್ಡರ್‌ಮೌತ್
ಜೂನ್ 17, 2018, ಭಾನುವಾರ

ಮುದ್ದಿನ ಹೆಟಿ,

ನಿನ್ನ ಹುಟ್ಟುಹಬ್ಬ ಯಾವತ್ತೋ ಕಳೆಯಿತು, ತಂದ ಕಾರ್ಡು ಇನ್ನೂ ನನ್ನ ಕೈಚೀಲದಲ್ಲೇ ಇದೆ. ಬೈದುಕೋ, ಪರವಾಗಿಲ್ಲ. ಫೋನ್ ಮಾಡಿದಾಗೆಲ್ಲ "ಎಲ್ಲ ಚೆನ್ನಾಗಿದ್ದೀವಿ" ಅಂದು ಇಟ್ಟುಬಿಡುತ್ತೇನೆಂದು ನಿನಗೆ ಬೇಜಾರಾಗಿದೆ, ಗೊತ್ತು. ಏನು ಮಾಡಲಿ, ನಿನ್ನ ಭಾವನಿಗೆ ಈಗ ಕಿವಿ ಮಂದ. ಫೋನಿನ ಸದ್ದು ಜೋರು ಮಾಡಿಸಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಕಾಗದದಲ್ಲಾದರೆ ನಿಧಾನವಾಗಿ ಹೇಳಬಹುದು.

ಭೂಮಿಯ ಆ ತುದಿಯ ನಿನ್ನ ಹೋಬಾರ್ಟಿನಲ್ಲಿ ಈಗ ಚಳಿ ಶುರುವಾಗಿರಬೇಕು. ಇಲ್ಲಿ ಬೇಸಿಗೆ ಹೆಸರಿಗಷ್ಟೇ. ಸಮುದ್ರದಿಂದ ಮಂಜು ಎದ್ದರೆ ಮಧ್ಯಾಹ್ನವಾದರೂ ಸೇತುವೆ ಕಾಣಿಸುವುದಿಲ್ಲ. ನನ್ನ ಮಂಡಿನೋವು ಹಾಗೇ ಇದೆ.

ನಮ್ಮೂರ ಫುಟ್‌ಬಾಲ್ ತಂಡ ರೋವರ್ಸ್‌ನ ಸುದ್ದಿ ನಿನಗೂ ಮುಟ್ಟಿರಬೇಕು. ಸ್ಕಾಟ್ಲೆಂಡಿನ ಲೀಗಿನಿಂದ ನಾವು ಹೊರಬಿದ್ದೆವು. ನಮ್ಮಜ್ಜನ ಕಾಲದಿಂದ ಊರು ಇಂಗ್ಲೆಂಡಿಗೆ ಸೇರಿದ್ದು, ಆಟ ಸ್ಕಾಟ್ಲೆಂಡಿಗೆ ಸೇರಿದ್ದು. ಆ ಕಡೆ ಹೋದರೆ "ಇಂಗ್ಲಿಷರೇ, ಮನೆಗೆ ಹೋಗ್ರೋ" ಅನ್ನುತ್ತಿದ್ದರು. ಈ ಕಡೆ ನ್ಯೂಕ್ಯಾಸಲ್‌ಗೆ ಹೋದರೆ "ನಿಮ್ಮೂರಲ್ಲಿ ಗಂಡಸರೇ ಲಂಗ ಉಡ್ತಾರಂತೆ, ಹೌದಾ" ಎಂದು ಕೇಳುತ್ತಿದ್ದರು. ನೀನು ಚಿಕ್ಕವಳಿದ್ದಾಗ ಇದಕ್ಕೆ ಒಬ್ಬನ ಕಾಲು ಒದ್ದು ಬಂದಿದ್ದೆ.

ಕೊನೆಯ ಪಂದ್ಯ ಸ್ಟ್ರಾತ್‌ಕಾರಿಯಲ್ಲಿ. ಲೀಗಿನಲ್ಲಿ ಉಳಿಯಲು ಗೆಲ್ಲುವುದೂ ಬೇಡ, ಸಮವಾದರೆ ಸಾಕಿತ್ತು. ಎರಡು ಬಸ್ಸು ತುಂಬಾ ಜನ ಹೋಗಿದ್ದೆವು. ಗೋಲಿನಲ್ಲಿ ನಮ್ಮ ಕ್ರೇಗ್. ಇನ್ನೊಬ್ಬ ಗೋಲ್‌ಕೀಪರನಿಗೆ ಮಾರ್ಚಿನಲ್ಲೇ ಹೆಗಲ ಮೂಳೆ ಮುರಿದಿತ್ತು, ಬೇರೆ ಯಾರೂ ಇರಲಿಲ್ಲ. ಅದೇ ಜಾಗದಲ್ಲಿ ನಿನ್ನ ಭಾವ ನಿಂತು ಆಡಿದ್ದನ್ನು ನೀನು ನೋಡಿದ್ದೀ. ಮಗ ಅಲ್ಲಿ ನಿಲ್ಲುವುದೆಂದರೆ ರಾಲ್ಫ್‌ಗೆ ತಾವೇ ನಿಂತ ಹಾಗೆ.

ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತಾ ಬಂದಿತ್ತು. ನಮ್ಮವರು ಆಗಲೇ ಸ್ಕಾರ್ಫು ಬೀಸತೊಡಗಿದ್ದರು. ಆಗ ಅವರಲ್ಲೊಬ್ಬ ದೂರದಿಂದ ಒದ್ದ. ಸರಿಯಾಗಿ ತಾಗಲೂ ಇಲ್ಲ, ಚೆಂಡು ಹುಲ್ಲಿನ ಮೇಲೆ ಉರುಳಿಕೊಂಡು ಬಂತು. ಕ್ರೇಗ್ ಮಂಡಿಯೂರಿ ಎರಡೂ ಕೈ ಒಡ್ಡಿದ. ಚೆಂಡು ಕೈಯೊಳಗೆ ಬಂದದ್ದನ್ನು ನಾನೇ ನೋಡಿದೆ ಹೆಟಿ. ಮರುಕ್ಷಣ ಅದು ಅವನ ಹಿಂದೆ, ಬಲೆಯಲ್ಲಿತ್ತು.

ಬರುವಾಗ ಕ್ರೇಗ್ ಆಟಗಾರರ ಬಸ್ಸು ಬಿಟ್ಟು ನಮ್ಮದಕ್ಕೆ ಹತ್ತಿ, ಮುಂದೆ ಡ್ರೈವರ್ ಹತ್ತಿರ ಕೂತಿದ್ದ. ಗಡಿಯ ಫಲಕ ದಾಟಿದ ಮೇಲೆ ನಿನ್ನ ಭಾವ ಎದ್ದು ಅವನ ಹತ್ತಿರ ಹೋದರು. ಇಡೀ ಬಸ್ಸಿಗೆ ಕೇಳುವ ಹಾಗೆ ಅಂದರು: "ಅಷ್ಟು ಮೆಲ್ಲಗೆ ಬಂದ ಚೆಂಡನ್ನ ನಮ್ಮಮ್ಮನೂ ಹಿಡೀತಿದ್ಲು ಕಣೋ. ನಿನಗೆ ಹಿಡಿಯೋ ಮನಸ್ಸೇ ಇರ್ಲಿಲ್ಲ."

"ಹೌದಪ್ಪ, ತಪ್ಪು ನಂದೇ" ಅಂದ ಕ್ರೇಗ್. ಅಷ್ಟೇ. ಆವತ್ತಿನಿಂದ ಅಪ್ಪ ಮಗನ ನಡುವೆ ಮಾತಿಲ್ಲ.

ಊರೂ ಸುಮ್ಮನಿರಲಿಲ್ಲ. ಅವನ ವ್ಯಾನಿನ ಬಾಗಿಲ ಹಿಡಿಗೆ ಯಾರೋ, ಚೆಂಡು ಜಾರಿಸಿದ ಬೆಣ್ಣೆ ಕೈಯವನೆಂದು ಅಣಕಿಸಲು, ಬೆಣ್ಣೆ ಬಳಿದು ಹೋಗಿದ್ದರು. ಸೊಸೆ ಮೈರೀ ಬಿಸಿನೀರು ತಂದು ಒರೆಸಿದಳಂತೆ. ಪಾಪ, ಅವಳು ಆ ಕಡೆಯ ಹುಡುಗಿ. ಮದುವೆಯಲ್ಲಿ ನಿನ್ನ ಭಾವ ಲೋಟ ಎತ್ತಿ "ಸ್ಕಾಟ್ಲೆಂಡಿಂದ ನಾವು ಗೆದ್ದು ತಂದದ್ದು ಇವಳೊಬ್ಬಳನ್ನೇ" ಅಂದಿದ್ದರು. ಈಗ ಅವಳು ಬಂದರೆ ಟೀ ಕುಡಿಯುವಷ್ಟು ಹೊತ್ತು ಇರುತ್ತಾರೆ, ಆಮೇಲೆ ಎದ್ದು ಹಿತ್ತಲ ಶೆಡ್ಡಿಗೆ ಹೋಗುತ್ತಾರೆ.

ಮೊನ್ನೆ ಗುರುವಾರ ಕ್ಲಬ್ಬಿನ ಸಭೆ ಇತ್ತು. ಆ ಕಡೆಯ ಕೆಳಗಿನ ಲೀಗಿನಲ್ಲೇ ಮುಂದುವರಿಯುವುದೋ, ನಮ್ಮ ದೇಶದ ಲೀಗಿಗೆ ಬಂದುಬಿಡುವುದೋ ಎಂಬುದು ಪ್ರಶ್ನೆ. ಅಧ್ಯಕ್ಷ ಫೆನ್ವಿಕ್, ಹುಡುಗರು ಸುಸ್ತಾಗಿದ್ದಾರೆ, ಈ ಕಡೆ ಬಂದರೆ ಊಟದ ಹೊತ್ತಿಗೆ ಮನೆ ಸೇರಬಹುದು ಅಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಿನ್ನ ಭಾವ ಎದ್ದು ನಿಂತರು. "ಅಲ್ಲಿ ಬೈಯೋದಕ್ಕಾದರೂ ನಮ್ಮ ಗುರುತು ಹಿಡೀತಾರೆ. ಇಲ್ಲಿ ನಾವು ಯಾರು ಅಂತ ಯಾರಿಗೆ ಗೊತ್ತು?" ಅಂದು ಕೂತರು. 

ಕೈ ಎತ್ತಿಸಿದಾಗ ಅವರ ಕಡೆ ಹಿಡಿಯಷ್ಟು ಮುದುಕರು. ಹಿಂದೆ ಬಾಗಿಲ ಹತ್ತಿರ ಕ್ರೇಗ್ ಬಂದು ನಿಂತಿದ್ದ, ಅವನೂ ಅಪ್ಪನ ಪರ ಎಡಗೈ ಎತ್ತಿದ. ರಾಲ್ಫ್ ತಿರುಗಿ ನೋಡಲಿಲ್ಲ. ನಾನು ಮೊಣಕೈಯಿಂದ ತಿವಿದೆ, ಆದರೂ ನೋಡಲಿಲ್ಲ.

ಹಾಗಾಗಿ ಆಗಸ್ಟಿನಿಂದ ನಾವು ನಮ್ಮದೇ ದೇಶದಲ್ಲಿ ಆಡುತ್ತೇವೆ. ನಿನ್ನ ಭಾವ ಬರುವುದಿಲ್ಲವಂತೆ. ಮೈದಾನದಲ್ಲಿ ನಾನು ನಡೆಸುವ ಟೀ ಅಂಗಡಿಗೆ ಇನ್ನೊಬ್ಬರನ್ನು ನೋಡಿಕೊಳ್ಳಿ ಎಂದು ನಾನೂ ಹೇಳಿಬಿಟ್ಟೆ.

ಹುಷಾರಾಗಿರು. ನಿನ್ನ ಗ್ರಹಾಂಗೆ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳಲು ಹೇಳು. ಅಷ್ಟು ದೂರದಲ್ಲೂ ದೇವರು ನಿಮ್ಮಿಬ್ಬರನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಡೋರೀನ್

ವಿ.ಸೂ.: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಓದಿ ಹರಿದುಹಾಕು. ಫೋನಿನಲ್ಲಂತೂ ಬಾಯಿ ಬಿಡಬೇಡ.

ಕಳೆದ ಸೋಮವಾರ ರಾಲ್ಫ್ ಹೊರಗೆ ಹೋಗಿದ್ದಾಗ ಕ್ರೇಗ್ ಬಂದ. ಯಾರದೋ ಮದುವೆಗೆ ಹೊರಟಿದ್ದ, ಮೈರೀ ಕೆಲಸದಲ್ಲಿದ್ದಳು. ಅಂಗಿಯ ಎದೆ ಹಾಗೇ ತೆರೆದಿತ್ತು. "ಅಮ್ಮಾ, ಇದಿಷ್ಟು ಗುಂಡಿ ಹಾಕ್ತೀಯಾ" ಅಂದ. ನಾನು ನಗುತ್ತಾ ಹಾಕತೊಡಗಿದೆ. ಅವನು ನಗಲಿಲ್ಲ. ಬಲಗೈ ಎತ್ತಿ ತೋರಿಸಿದ. ಬೆರಳು ಮಡಚಲು ನೋಡಿದ, ಬರಲಿಲ್ಲ.

ನರಗಳು ಒಂದೊಂದಾಗಿ ಸಾಯುವ ಕಾಯಿಲೆಯಂತೆ. ಫೆಬ್ರವರಿಯಲ್ಲೇ ಎಡಿನ್‌ಬರೋದ ಡಾಕ್ಟರು ಹೇಳಿದ್ದರಂತೆ. ಕೈ ಆಯಿತು, ಆಮೇಲೆ ಕಾಲು, ಆಮೇಲೆ ಉಸಿರು. ಎರಡು ವರ್ಷವೋ, ಮೂರೋ. ಗೋಲಿಗೆ ಬೇರೆ ಯಾರೂ ಇಲ್ಲವೆಂದು ಯಾರಿಗೂ ಹೇಳದೆ ನಿಂತನಂತೆ.

ಅಪ್ಪನಿಗೆ ಈಗಲೇ ಹೇಳುತ್ತೇನೆ ಎಂದೆ. ಬೇಡ ಅಂದ. "ಬಸ್ಸಲ್ಲಿ ಅಂದ ಮಾತು ಅವರನ್ನ ತಿಂದುಹಾಕತ್ತಮ್ಮ. ಸಿಟ್ಟು ಮಾಡ್ಕೊಂಡೇ ಇರ್ಲಿ ಬಿಡು. ಸಿಟ್ಟಿದ್ರೆ ಎದ್ದು ಓಡಾಡ್ತಾರೆ." ನನ್ನ ಕೈಯಿಂದ ಭಾಷೆ ತೆಗೆದುಕೊಂಡ.

ನಿನ್ನೆ ಊಟಕ್ಕೆ ಕೂತಾಗ ನಿನ್ನ ಭಾವ ತಾವಾಗಿಯೇ ಅವನ ಮಾತು ತೆಗೆದರು. "ಅವನೇ ಮೊದಲು ಬಂದು ಮಾತಾಡಲಿ. ನನಗೇನೂ ಅವಸರ ಇಲ್ಲ, ಬೇಕಾದಷ್ಟು ಕಾಲ ಇದೆ" ಅಂದರು.

ನಾನು ಅವರ ತಟ್ಟೆಗೆ ಆಲೂಗಡ್ಡೆ ಬಡಿಸಿದೆ.