ಸದ್ದು, ಹೊದ್ದು, ಮುದ್ದು

ಹಾಲೇಶ,

ನಿನ್ನ ಜಗಳೂರಿನ ವಿಳಾಸ ನನ್ನ ಹತ್ತಿರ ಇದೆ. ಆದರೂ ಇದನ್ನು ಅಂಚೆಗೆ ಹಾಕುವುದಿಲ್ಲ.

ನೀನು ಹೊನ್ನಾಳಿ ಬಿಟ್ಟ ಮೇಲೂ ನಮ್ಮ ಬೀದಿ ಸುಧಾರಿಸಿಲ್ಲ. ಈ ರಾಜ್ಯೋತ್ಸವಕ್ಕೂ ನಿನ್ನ ಹಳೆ ಮನೆ ಮುಂದಿನ ಕಂಬಕ್ಕೇ ಮೈಕು ಕಟ್ಟಿದ್ದಾರೆ. ಕನ್ನಡ ಎದೆಯಲ್ಲಿದೆಯೋ ಇಲ್ಲವೋ, ಕಿವಿಯಲ್ಲಂತೂ ಇದೆ.

ಆಪರೇಷನ್ ಆದ ಅವ್ವನನ್ನು ನಿನ್ನೆಯಷ್ಟೇ ಮನೆಗೆ ಕರೆತಂದಿದ್ದೇವೆ. ಇವತ್ತು ಸಂಜೆ ಹಾಡಿನ ಅಬ್ಬರಕ್ಕೆ ಅವಳು ಬೆಚ್ಚಿಬೀಳುವುದನ್ನು ನೋಡಲಾರದೆ ಪೆಂಡಾಲಿಗೆ ಹೋದೆ. ನಾನು ನಿರೂಪಣೆ ಬಿಟ್ಟ ಮೇಲೆ ಅಲ್ಲಿ ಮೈಕು ಹಿಡಿಯುವವನು ಗುರುಬಸವರಾಜ್.

"ಸೌಂಡ್ ಸ್ವಲ್ಪ ಕಮ್ಮಿ ಮಾಡಪ್ಪ, ಅವ್ವಂಗೆ ಹುಷಾರಿಲ್ಲ" ಅಂದೆ.

ಅವನು ಮೈಕಿನಲ್ಲೇ ಶುರು ಮಾಡಿದ: "ಸದ್ದು ಸೇರದೋರು ಹೊದ್ದು ಮಲಗ್ರಿ, ಮುದ್ದು ಕನ್ನಡಕ್ಕೆ ಗುದ್ದು ಕೊಡಬ್ಯಾಡ್ರಿ! ಹೆಂಗೈತೆ ಸಾರ್? ನಿಮ್ದೇ ಪ್ರಾಸ!"

ಬೀದಿಯೆಲ್ಲ ಚಪ್ಪಾಳೆ. ನಾನೂ ಹಲ್ಲು ಕಿರಿದೆ.

ಆ ವರ್ಷದ ರಾಜ್ಯೋತ್ಸವದಲ್ಲಿ ನೀನು ಇದನ್ನೇ ಕೇಳಲು ಬಂದಾಗ ನಾನು ಮೈಕಿನಲ್ಲಿ ಈ ಪ್ರಾಸ ಕಟ್ಟಿದ್ದೆ; ಆಗಲೂ ಚಪ್ಪಾಳೆ ಇಷ್ಟೇ ಜೋರಾಗಿತ್ತು. ನಿಮ್ಮವ್ವ ಶಿವಗಂಗಮ್ಮ ಹಾಸಿಗೆ ಹಿಡಿದಿದ್ದು ಬೀದಿಗೆಲ್ಲ ಗೊತ್ತಿತ್ತು. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನಾನು ಮುಂದಿನ ಹಾಡು ಹಾಕಿಸಿದೆ. ಆ ವಾರವೇ ನಿಮ್ಮವ್ವ ತೀರಿಕೊಂಡರು.

ಗುರುಬಸವರಾಜ್ ಮೈಕು ಆಫ್ ಮಾಡಿ ಹತ್ತಿರ ಬಂದ. "ತಮಾಷೆಗಂದೆ ಸಾರ್, ಬ್ಯಾಸರ ಮಾಡ್ಕಬ್ಯಾಡ್ರಿ. ಅಮ್ಮ ಆರಾಮಾಗಿ ಮಲಗ್ಲಿ" ಅಂದವನೇ ಗುಂಡಿ ತಿರುಗಿಸಿ ಸದ್ದು ತಗ್ಗಿಸಿದ.

ಎರಡು ಬೆರಳಿನ ಕೆಲಸ, ಹಾಲೇಶ. ಅಷ್ಟೇ ಇದ್ದದ್ದು.

ಅವ್ವನಿಗೆ ಈಗ ಒಳ್ಳೆಯ ನಿದ್ದೆ.